ಜಯಕ್ಕನ ಸ್ಕ್ರೀನಿನ ಅಕ್ಷರ

ಜಯಕ್ಕ, ನಿಮ್ಮ ಕಣ್ಣು ಹೋಗುತ್ತಿದೆಯೆಂದು ನಿಮಗಿಂತ ಮೊದಲು ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿಟ್ಟೆ.

ಮಳವಳ್ಳಿಯ ತಾಲ್ಲೂಕು ಕಚೇರಿ ಎದುರಿನ ನನ್ನ ಟೈಪಿಂಗ್ ಅಂಗಡಿಯಲ್ಲಿ ನೀವು ಒಂಬತ್ತು ವರ್ಷ ದುಡಿದಿರಿ. ಕ್ರಯಪತ್ರವಿರಲಿ, ಅರ್ಜಿಯಿರಲಿ, ನಿಮ್ಮ ಕೈಯಿಂದ ಬಂದ ಹಾಳೆಯನ್ನು ಯಾರೂ ತಿದ್ದುವಂತಿರಲಿಲ್ಲ. ಹೊಸ ಮಾನಿಟರ್ ತಂದ ವಾರವೇ, "ಅಕ್ಸರ ಇರ್ವೆ ಇದ್ದಂಗವೆ ಕಣಪ್ಪ, ಕಾಣಾಕಿಲ್ಲ" ಎಂದಿರಿ. ರೆಸಲ್ಯೂಷನ್ ಒಂದು ಮೆಟ್ಟಿಲು ಇಳಿಸಿದೆ. ಅಕ್ಷರ ದಪ್ಪವಾಯಿತು. ಟೈಪ್ ಮಾಡುವವರಿಗೆ ಅಷ್ಟೆಲ್ಲ ರೆಸಲ್ಯೂಷನ್ ಯಾತಕ್ಕೆ, ಅದು ಸಿನಿಮಾ ನೋಡುವವರಿಗೆ ಎಂದು ಭಾಷಣವನ್ನೂ ಬಿಗಿದೆ. ಆಗಿನ್ನೂ ಅದು ಸುಳ್ಳಾಗಿರಲಿಲ್ಲ.

ಎರಡು ತಿಂಗಳಿಗೆ ಮತ್ತೆ ಇಳಿಸಿದೆ. ದೀಪಾವಳಿಗೆ ಇನ್ನೊಮ್ಮೆ. ಕೊನೆಗೆ ಅರ್ಧ ಪುಟವೂ ಸ್ಕ್ರೀನಿನಲ್ಲಿ ಹಿಡಿಯದಂತಾಯಿತು. ಇಳಿಸಿದಷ್ಟೂ ಅಕ್ಷರದ ಅಂಚು ಮಸುಕಾಗುತ್ತದೆ — ನಿಮ್ಮ ಕಣ್ಣಿನ ಮಸುಕು ಅದರೊಳಗೆ ಅಡಗಿಕೊಂಡಿತು. ಒಂದು ದಿನ ನೀವು ಊಟಕ್ಕೆ ಎದ್ದಾಗ ನಿಮ್ಮ ಕುರ್ಚಿಯಲ್ಲಿ ಕೂತು, ಸ್ಕ್ರೀನನ್ನು ಮೊದಲಿನಂತೆ ಇಟ್ಟು ನೋಡಿದೆ. ನನ್ನ ನಲವತ್ತೆಂಟರ ಕಣ್ಣಿಗೆ ಒಂದೊಂದು ಒತ್ತಕ್ಷರವೂ ಸ್ಪಷ್ಟವಾಗಿ ಕಾಣುತ್ತಿತ್ತು. ಆಗಲೇ ಹೇಳಬಹುದಿತ್ತು... ನೀವು ಬರುವಷ್ಟರಲ್ಲಿ ಮತ್ತೆ ಇಳಿಸಿಟ್ಟೆ.

ನಿಮಗೆ ಸಕ್ಕರೆ ಕಾಯಿಲೆ ಇದ್ದದ್ದೂ ನನಗೆ ಗೊತ್ತಿತ್ತು. ಮಂಡ್ಯಕ್ಕೆ ಹೋಗಿ ಕಣ್ಣು ತೋರಿಸಿಕೊಂಡು ಬರುತ್ತೇನೆಂದು ನೀವು ರಜೆ ಕೇಳಿದ ದಿನ ಅಂಗಡಿ ತುಂಬ ಜನ. ನೀವಿಲ್ಲದಿದ್ದರೆ ಅವರೆಲ್ಲ ಪಕ್ಕದ ಅಂಗಡಿಗೆ ಹೋಗುತ್ತಿದ್ದರು. ಇಷ್ಟೇ — ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುತ್ತಿಲ್ಲ.

"ನಿಮ್ ಕಣ್ಗೇನೂ ಆಗಿಲ್ಲ ಬುಡಕ್ಕ," ಎಂದೆ. "ಸ್ಕ್ರೀನೇ ಸರಿಯಿಲ್ಲ."

ನೀವು ನಂಬಿದಿರಿ. ಮುಖದಲ್ಲಿ ಎಂಥ ನಿರಾಳ... ಹೆಗಲಿಗೇರಿಸಿದ್ದ ಕೈಚೀಲವನ್ನು ಮತ್ತೆ ಮೊಳೆಗೆ ನೇತುಹಾಕಿ ಕೆಲಸಕ್ಕೆ ಕೂತಿರಿ.

ಏಳು ತಿಂಗಳ ಮೇಲೆ ನಾನೇ ನಿಮ್ಮ ಕೈ ಹಿಡಿದು ಮಂಡ್ಯಕ್ಕೆ ಕರೆದುಕೊಂಡು ಹೋಗಬೇಕಾಯಿತು. ಮೊದಲೇ ಬಂದಿದ್ದರೆ ಉಳಿಸಬಹುದಿತ್ತು, ಇನ್ನು ಏನೂ ಮಾಡುವಂತಿಲ್ಲ ಎಂದರು ಡಾಕ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ.

ಅದಾಗಿ ಐದು ವರ್ಷ. ಹೋದ ವಾರ ಮದ್ದೂರಿನ ನಿಮ್ಮ ಮಗಳ ಮನೆಗೆ ಬಂದಾಗ ದನಿಯಲ್ಲೇ ಗುರುತು ಹಿಡಿದಿರಿ. ತಡಕಾಡಿ ನನ್ನ ಕೈ ಹಿಡಿದು ಮಗಳಿಗೆ ಹೇಳಿದಿರಿ — "ಇವ್ನು ಸ್ಕ್ರೀನ್ ಸರಿ ಮಾಡ್ಕೊಟ್ಟಿದ್ಕೇ ಕಣವ್ವ, ನಾನು ಕೊನೇಗಂಟ ಕೆಲ್ಸ ಮಾಡಿದ್ದು."

ನಾನು ಹೂಂ ಅಂದೆ. ನಿಮ್ಮ ಮಗಳು ಕೊಟ್ಟ ಕಾಫಿ ಕುಡಿದು ಎದ್ದು ಬಂದೆ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ.

ಇದನ್ನು ನಿಮ್ಮ ಮಗಳ ಕೈಗೇ ಕೊಡುತ್ತೇನೆ. ಓದಿ ಹೇಳುವಾಗ ಒಂದು ಸಾಲನ್ನೂ ಅವಳು ಬಿಡದಿರಲಿ. ಇದರಿಂದ ನಿಮಗೆ ಸಿಗುವುದೇನೂ ಇಲ್ಲ, ಗೊತ್ತು — ನನ್ನ ಬಗ್ಗೆ ಇದ್ದ ಒಂದು ಒಳ್ಳೆಯ ಮಾತೂ ಹೋಗುತ್ತದೆ. ಮತ್ತೆ ನಾನು ಬಂದರೆ ಬಾಗಿಲು ತೆಗೆಯಬೇಡವೆಂದು ಅವಳಿಗೆ ಹೇಳಿ.