ಅತ್ತೆಯ ಹೆಸರು, ವೇಲ್ಸಿನ ರಾಜಕುಮಾರಿ

ನಾಮಕರಣದ ದಿನ ಪರದೇಶದಲ್ಲಿ ನಾವಿದ್ದ ನ್ಯೂಮಾರ್ಕೆಟ್ಟಿನಲ್ಲಿ ಹಿಮ ಬೀಳುತ್ತಿತ್ತೆಂದು ನನ್ನ ನೆನಪು. ಫೋಟೋಗಳಲ್ಲಿ ಎಲ್ಲರೂ ಅರೆತೋಳಿನ ಅಂಗಿಯಲ್ಲಿದ್ದಾರೆ. ಹಾಗಾಗಿ ಹವೆಯ ಮಾತು ಬಿಟ್ಟು ಜಗಳದ್ದಷ್ಟೇ ಹೇಳುತ್ತೇನೆ. ಅದರ ಫೋಟೋ ಯಾರೂ ತೆಗೆದಿಲ್ಲ.

ತೊಂಬತ್ತರ ದಶಕದ ಕೊನೆ. ನನ್ನ ಹೆಂಡತಿಯ ಹಿರಿಯರು ವೇಲ್ಸಿನವರು. ಮಗಳಿಗೆ ಆ ಕಡೆಯ ಹಳೆಯ ಹೆಸರು ಗ್ವೆನ್‌ಲಿಯನ್ ಇಡಿಸಲೆಂದು ಮಾವನವರು ತಮ್ಮೂರು ಜಾರ್ಜ್‌ಟೌನಿನಿಂದ ಬಂದಿದ್ದರು. ಮೈಸೂರು ಬಿಟ್ಟು ನಮ್ಮ ಜೊತೆಗಿದ್ದ ಅಮ್ಮನಿಗೆ ತನ್ನ ಅತ್ತೆಯ ಹೆಸರೇ ಆಗಬೇಕು. ಚಿಕ್ಕವಯಸ್ಸಿಗೆ ಸೊಸೆಯಾಗಿ ಬಂದವಳಿಗೆ ಓದು ಕಲಿಸಿದ್ದು ಆ ಅತ್ತೆ. ಅವರ ಹೆಸರು ಹೊತ್ತವರು ಮನೆತನದಲ್ಲಿ ಯಾರೂ ಉಳಿದಿರಲಿಲ್ಲ.

ಮಾವ ಹೆಸರಿನ ಚರಿತ್ರೆ ತೆಗೆದರು. ನಾನು ಕನ್ನಡಕ್ಕೆ ತರುತ್ತಾ ಹೋದೆ. ಗ್ವೆನ್ ಅಂದರೆ ಬಿಳಿ, ಪುಣ್ಯವತಿ ಅಂತಲೂ ಹೌದು. ಆ ಹೆಸರಿನ ಒಬ್ಬ ರಾಜಕುಮಾರಿ, ನಾಡನ್ನು ಆಕ್ರಮಿಸಿದ್ದ ನಾರ್ಮನ್ನರ ಮೇಲೆ ದಂಡು ಕಟ್ಟಿ ಹೋದಳು.

"ಗೆದ್ಲಂತಾ?"

"ಇಲ್ಲಮ್ಮ. ತಲೆ ಕಡಿದ್ರಂತೆ."

"ಚೆನ್ನಾಗಿದೆ. ಬೇರೆ ಯಾರೂ ಇಲ್ವಾ?"

ಇನ್ನೊಬ್ಬಳು ವೇಲ್ಸಿನ ಕೊನೆಯ ಅರಸನ ಮಗಳು. ತೊಟ್ಟಿಲ ಕೂಸನ್ನೇ ಇಂಗ್ಲಿಷರು ಹೊತ್ತೊಯ್ದು ಸನ್ಯಾಸಿನಿಯರ ಮಠದಲ್ಲಿಟ್ಟರು. ಸಾಯುವ ತನಕ ಅಲ್ಲೇ.

"ಬೀಗರನ್ನ ಕೇಳೋ, ಈ ಹೆಸರಿಟ್ಕೊಂಡು ನೆಮ್ಮದಿಯಾಗಿ ಉಂಡ್ಕೊಂಡಿದ್ದೋರು ಒಬ್ರಾದ್ರೂ ಇದಾರಾ ಅಂತ."

ಮಾವ ಗಂಭೀರವಾಗಿ ಯೋಚಿಸಿ, ತಮ್ಮ ಸೋದರತ್ತೆಯೊಬ್ಬಳಿದ್ದಳು, ಚೆನ್ನಾಗಿಯೇ ಉಣ್ಣುತ್ತಿದ್ದಳು ಎಂದರು. ಅಮ್ಮ ನಕ್ಕಳು, ಪಟ್ಟು ಬಿಡಲಿಲ್ಲ. ಕೊನೆಗೆ ನನ್ನ ಹೆಂಡತಿಯೇ ರಾಜಿ ಮಾಡಿದಳು: ಮೊದಲ ಹೆಸರು ಅಮ್ಮ ಕೇಳಿದ್ದು, ಮಿಡ್ಲ್ ನೇಮ್ ವೇಲ್ಸಿನದು. ಅಕ್ಕಿಯ ಮೇಲೆ ಉಂಗುರದಲ್ಲಿ ನಾನು ನನ್ನ ಅಜ್ಜಿಯ, ಅಂದರೆ ಅಮ್ಮನ ಅತ್ತೆಯ, ಹೆಸರು ಬರೆದೆ. ಅಮ್ಮ ಗೆದ್ದಳು.

ಮರುದಿನ ಮಗು ಅತ್ತಿತು. ಅಮ್ಮ ಎತ್ತಿಕೊಂಡು, ಕರೆಯಲು ಬಾಯಿ ತೆರೆದು, ಹಾಗೇ ಮುಚ್ಚಿದಳು. ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಅಷ್ಟೆಲ್ಲ ವಾದ ಮಾಡುವಾಗಲೂ ಆಕೆ ಹೇಳಿದ್ದು "ನಮ್ಮತ್ತೆ ಹೆಸ್ರು" ಎಂದಷ್ಟೇ. ಯಾರಿಗೂ ಹೊಳೆದಿರಲಿಲ್ಲ, ಅಮ್ಮನಿಗೂ.

ಕೆಲವು ಕಾಲ 'ಪುಟ್ಟಿ'ಯಲ್ಲಿ ಕಳೆಯಿತು. ಡೇಕೇರಿಗೆ ಹೋಗತೊಡಗಿದ ಮೇಲೆ ಮಗಳು ಸೊಂಟದ ಮೇಲೆ ಕೈಯಿಟ್ಟು, "ಐ ಆ್ಯಮ್ ನಾಟ್ ಪುಟ್ಟಿ, ಅಜ್ಜಿ" ಎಂದಳು.

"ಆಯ್ತು ಮಾರಾಯ್ತಿ. ಗ್ವೆನ್ನೂ, ಬಾರೇ ಊಟಕ್ಕೆ."

ಊಟ ಹಾಕುವವಳು ಕರೆದದ್ದಕ್ಕೇ ಮಗು ಓಗೊಡುತ್ತಿತ್ತು. ನಾವೂ ಹಾಗೇ ಕರೆಯತೊಡಗಿದೆವು. ನಾರ್ಮನ್ನರೆದುರು ಸೋತ ಹೆಸರು ನಮ್ಮ ಅಡುಗೆಮನೆಯಲ್ಲಿ ಗೆದ್ದಿತು.

ಒಂದು ಸಂಜೆ ಅಮ್ಮ ಸೋಫಾದಲ್ಲಿ ಕಾಲು ಚಾಚಿಕೊಂಡು ಹೇಳಿದಳು: "ನೀನಾದ್ರೂ ಅವಳನ್ನ ನಮ್ಮತ್ತೆ ಹೆಸ್ರಿಡ್ದು ಕರಿಯೋ. ನನ್ ಕಿವಿ ಮೇಲಾದ್ರೂ ಬೀಳ್ಲಿ."

ಕರೆದೆ. ಟೀವಿ ಮುಂದಿದ್ದ ಮಗಳು ತಿರುಗಲಿಲ್ಲ. ಇನ್ನೊಮ್ಮೆ ಜೋರಾಗಿ ಕೂಗಿದೆ.

ಅಮ್ಮ ಥಟ್ಟನೆ ಕಾಲು ಮಡಿಸಿ, ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.