ಬೆಂಕಿ ಹತ್ತದ ಗಾದಿ

ನನ್ನ ಮೊಮ್ಮಗಳು ಡಾಕ್ಟರೇಟ್ ಪಾಸಾದಳು! ಬೆಳಿಗ್ಗೆ ಹೈದರಾಬಾದಿನಿಂದ ಅವಳದೇ ಫೋನು. ಬಸವಕಲ್ಯಾಣದ ನಮ್ಮ ಓಣಿಗೆಲ್ಲ ಸಕ್ಕರೆ ಹಂಚಿದೆ. ಹಂಚಿ ಬಂದವಳೇ ಹುಮನಾಬಾದಿಗೆ, ನನ್ನ ಮೈದುನನಿಗೆ, ಫೋನು ಹಚ್ಚಿದೆ. ಪ್ರೀತಿಯಿಂದಲ್ಲ, ಅವನ ಹೊಟ್ಟೆ ಉರಿಯಲಿ ಅಂತ.

ಮೈದುನನದು ಫೋಮ್ ಗಾದಿಯ ಅಂಗಡಿ. ನಾನು ಹಳೇ ಸೀರೆಗಳಿಂದ ಕೌದಿ ಹೊಲಿಯುವವಳು, ಕಲಿತದ್ದು ಮೂರನೇ ಇಯತ್ತೆ. ಮೊಮ್ಮಗಳಿಗೆ ಎಂಟು ವರ್ಷವಿದ್ದಾಗ ಆತ ಒಂದು ಗಾದಿ ತಂದು ಅಂಗಳದಲ್ಲಿ ಹಾಸಿ, ಕಡ್ಡಿ ಗೀರಿ ಮೂಲೆಗೆ ಹಿಡಿದ. ಕರಗಿತು, ಉರಿಯಲಿಲ್ಲ.

“ನೋಡ್ರಿ ವೈನಿ, ಬೆಂಕಿ ಹತ್ತಲಾರದ ಔಷಧ ಹಾಕ್ಯಾರ. ನಿಮ್ಮ ಕೌದಿಗೆ ಒಂದು ಕಿಡಿ ಬಿದ್ರ ಸಾಕು, ಮನಿ ಮಂದೆಲ್ಲ ಬೂದಿ!”

ಓಣಿಯವರು ನಕ್ಕರು. ಗಿರಾಕಿಗಳು ಒಬ್ಬೊಬ್ಬರಾಗಿ ನನ್ನ ಬಾಗಿಲು ಬಿಟ್ಟರು. ಆತ ನಮ್ಮ ಮನೆಯಲ್ಲೇ ಬಿಟ್ಟುಹೋದ ಆ ಗಾದಿ ಮೂರು ವರ್ಷಕ್ಕೆ ಹಳದಿ ಪುಡಿ ಉದುರಿಸತೊಡಗಿತು. ಗುಡಿಸಿ ಸಾಕಾದ ಮೊಮ್ಮಗಳು ಕೇಳಿದಳು, “ಆಯಿ, ಈ ಪುಡಿಯೊಳಗ ಆ ಔಷಧ ಇರ್ತದಲಾ? ಮೂಗಿನಾಗ ಹೋದ್ರ ಎಲ್ಲಿ ಕೂಡ್ತದ?”

ಅದೇ ಪ್ರಶ್ನೆ ಹಿಡಿದು ಓದಿದಳು. ಮನುಷ್ಯರ ಲಿವರಿನ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಆ ಔಷಧ ಹನಿಸಿ, ಏನಾಗುತ್ತದೆ ಎಂದು ನೋಡುವ ಕೆಲಸ. ಮೈದುನ ಮದುವೆಮನೆಗಳಲ್ಲೆಲ್ಲ ಹೇಳಿಕೊಂಡು ತಿರುಗಿದ: “ಹುಡುಗಿ ಕಲೀಜಿ ಮ್ಯಾಲ ಓದಾಕತ್ತಾಳ. ಮಟನ್ ಅಂಗಡ್ಯಾಗ ಕುಂತಿದ್ರ ಜಲ್ದಿ ಕಲೀತಿದ್ಲು!”

ಎರಡನೇ ವರ್ಷ ಅಳುತ್ತ ಮನೆಗೆ ಬಂದಳು. ಕೋಶಗಳೆಲ್ಲ ಸತ್ತಿದ್ದವು. “ಬಿಟ್ಟುಬಿಡ್ತೀನಿ ಆಯಿ.” ಸುದ್ದಿ ತಿಳಿದದ್ದೇ ಮೈದುನ ಬಂದು ಕೂತ. “ಬಿಡ್ಲಿ ಬಿಡ್ರಿ. ನನ್ನ ಅಂಗಡ್ಯಾಗ ಬಿಲ್ಲು ಬರೀಲಿ, ವರ ನಾ ನೋಡ್ತೀನಿ.”

ನಾನು ಅವಳನ್ನು ಕೇಳಿದೆ, “ಔಷಧ ಹಾಕಿದ ತಟ್ಟಿಯೊಳಗ ಸತ್ತಾವೇನು?”

“ಹಾಕಲಾರದ್ರಾಗೂ ಸತ್ತಾವ.”

ಫೋಮಿನದೇ ತಪ್ಪಾಗಲಿ ಅಂತ ನನ್ನ ಜೀವ ಹಾತೊರೆಯುತ್ತಿತ್ತು, ಸುಳ್ಳೇಕೆ. ಆದರೆ ನಲವತ್ತು ವರ್ಷ ಸೀರೆ ತೊಳೆದವಳು ನಾನು. “ಕೆಂಪು ಸೀರಿ, ಹಸರು ಸೀರಿ ಎರಡೂ ಒಂದೇ ದಿನ ಬಣ್ಣ ಬಿಟ್ರ ನಾ ಬಣ್ಣಕ್ಕ ಬೈಯೂದಿಲ್ಲ, ನೀರು ನೋಡ್ತೀನಿ. ನಿನ್ನ ಎರಡೂ ತಟ್ಟಿ ಎಲ್ಲಿ ಇಟ್ಟಿದ್ದಿ, ಅದನ್ನ ನೋಡು ಹೋಗು.”

ಮರುದಿನವೇ ಬಸ್ಸು ಹತ್ತಿದಳು. ತಟ್ಟೆಗಳನ್ನು ಬೆಚ್ಚಗಿಡುವ ಪೆಟ್ಟಿಗೆಯೇ ಕೆಟ್ಟಿತ್ತಂತೆ. ಮತ್ತೆ ಬೆಳೆಸಿದಳು. ಈ ಸಲ ಔಷಧವಿಲ್ಲದವು ಬದುಕಿದವು. ಹನಿಸಿದವು ಕೊಬ್ಬು ತುಂಬಿ ಉಬ್ಬಿದವು, ಹೆಚ್ಚು ಹನಿಸಿದಲ್ಲಿ ಸತ್ತವು. “ಇದು ತಟ್ಟಿಯೊಳಗಿನ ಮಾತು ಆಯಿ. ಮೈಯೊಳಗೂ ಹಿಂಗೇ ಅಂತ ಹೇಳಾಕ ಆಗಲ್ಲ” ಅಂದಳು. ನನಗೆ ಅಷ್ಟು ಸಾಕಿತ್ತು.

ಇವತ್ತು ಸಂಜೆ ಅವಳು ಬಂದಿಳಿದಳು. ಹಿಂದೆಯೇ ಮೈದುನ, ಕೈಯಲ್ಲಿ ಪೇಢೆ. “ನಮ್ಮ ಮನಿತನದ ಹೆಸರು ಬೆಳಗಿದ್ಲು ನೋಡ್ರಿ ವೈನಿ!”

“ಬಾ ತಮ್ಮಾ, ಕೌದಿ ಮ್ಯಾಲ ಕೂಡು. ಬೀಡಿ ಮಾತ್ರ ಸೇದಬ್ಯಾಡ, ಮನಿ ಮಂದೆಲ್ಲ ಬೂದಿ ಆದೀತು.”

ಎಲ್ಲರೂ ನಕ್ಕರು. ಆತ ತಲೆ ತಗ್ಗಿಸಿ ಕೂತ. ಮನೆಯವರೆಲ್ಲ ಸಾಲಾಗಿ ಕೌದಿಗಳ ಮೇಲೆ ಕೂತು ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಹೋಳಿಗೆ ಉಂಡೆವು. ಮೈದುನನ ತಾಟಿಗೆ ನಾನು ಒಂದೇ ಹೋಳಿಗೆ ಹಾಕಿದ್ದೆ. ಎರಡನೆಯದನ್ನು ನನ್ನ ಡಾಕ್ಟರಮ್ಮ ಬಡಿಸಿದಳು, ನನ್ನ ಮುಖ ನೋಡದೆ.