ನಾಲ್ಕರಿಂದಲೇ ಶುರು
ಬಾಗ್ದಾದಿನ ವಿಡಿಯೊ ಗೇಮ್ ಅಂಗಡಿಯ ಅಬು ದುರೈದ್‌ನನ್ನು ಯಾರಾದರೂ ಹೊಸಬರು, ಹದಿಮೂರು ಭಾಗಗಳ ಆ ಯೋಧನ ಆಟವನ್ನು ಯಾವುದರಿಂದ ಶುರು ಮಾಡಲಿ ಎಂದು ಕೇಳಿದರೆ ಸಾಕು, ಚಹಾ ಕೆಳಗಿಟ್ಟು, ಡಿಸ್ಕನ್ನು ಅಂಗಿಯ ತುದಿಗೆ ಒರೆಸಿ, "ನಾಲ್ಕು!" ಎನ್ನುತ್ತಾನೆ. ಒಂದನೇ ಭಾಗ ಕೇಳಿದವರಿಗೆ, ಕುರ್ಚಿಯ ಕೆಳಗೇ ಇಟ್ಟುಕೊಂಡು, ಖಾಲಿಯಾಗಿದೆ ಎಂದು ಹಸಿ ಸುಳ್ಳು ಹೇಳುತ್ತಾನೆ. ತೊಂಬತ್ತರ ದಶಕದಲ್ಲಿ, ಇರಾಕಿನ ಮೇಲೆ ವ್ಯಾಪಾರ ದಿಗ್ಬಂಧನವಿದ್ದ ಕಾಲದಲ್ಲಿ, ಈ ಊರಿಗೆ ಕಳ್ಳಮಾಲಾಗಿ ಮೊದಲು ಬಂದದ್ದು ನಾಲ್ಕು, ಆಮೇಲೆ ಎರಡು. ಅವನ ಪಾಲಿಗೆ ಅದೇ ಸರಿಯಾದ ಕ್ರಮ. ನಿನ್ನೆ ಕಾಲೇಜು ಹುಡುಗಿ ರಫೀಫ್ ರೇಗಿದಳು: "ಅಲ್ಲ ಚಿಕ್ಕಪ್ಪಾ, ನಾಲ್ಕರ ಕೊನೇಲಿ ಆ ಯೋಧ ಸತ್ತೇಹೋಗ್ತಾನಲ್ಲ!" "ಹೌದಮ್ಮಾ, ನಾವೂ ಅತ್ತಿದ್ವಿ," ಎಂದ ಅಬು ದುರೈದ್. "ಆರು ತಿಂಗಳಾದ್ಮೇಲೆ ಎರಡನೇದು ಬಂತು. ಹಾಕಿ ನೋಡಿದ್ರೆ, ಬದುಕಿ ನಿಂತಿದ್ದಾನೆ! ರೇಷನ್ ಸಕ್ಕರೆಯೆಲ್ಲ ಸುರಿದು ಬೀದಿಗೇ ಶರಬತ್ತು ಹಂಚಿದ್ವಿ. ಸತ್ತವನು ಈ ಊರಿಗೆ ವಾಪಸ್ ಬಂದದ್ದನ್ನ ನಾನು ನೋಡಿರೋದು ಅದೊಂದೇ ಸಲ."